ಬೆಳ್ಳಗೆ ಕಂಡ ಮೂಳೆ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮದೊಳಗೆ ಹನ್ನೆರಡು ಮಂಚಗಳ ಆಸ್ಪತ್ರೆ.

ಅಲ್ಲಿ ಮೂಳೆಯ ಚಿಕಿತ್ಸೆ ಕಲಿಸುತ್ತಿದ್ದವರು ಡಾಕ್ಟರ್ ಶಾಂತವೀರಪ್ಪ. ಎಲ್ಲರೂ ಅವರನ್ನು ಗುರುಗಳು ಎನ್ನುತ್ತಿದ್ದರು. ಕೈ ನಡುಗಲು ಶುರುವಾದ ದಿನವೇ ಅವರು ಚಾಕು ಕೆಳಗಿಟ್ಟಿದ್ದರು. ಈಗ ಅದು ಶಿಷ್ಯ ಭರತೇಶನ ಕೈಯಲ್ಲಿತ್ತು.

ಭರತೇಶ ಜಾಣ. ಅದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಆರು ತಿಂಗಳ ಹಿಂದೆ ಅವನು ರಾಚಪ್ಪ ಎಂಬ ನೇಕಾರನ ಸೊಂಟದ ಕೀಲಿಗೆ ಮೂಳೆ ಕಸಿ ಮಾಡಿದ್ದ. ತೊಡೆಮೂಳೆಯ ಮೇಲ್ತುದಿಯಲ್ಲಿರುವ ಚೆಂಡಿನಂಥ ಗುಂಡಿಗೆ ರಕ್ತ ಹೋಗದೆ ಅದು ಒಳಗೊಳಗೇ ಸಾಯುತ್ತಿತ್ತು. ಸೊಂಟದ ಅಂಚಿನಿಂದ ಒಂದು ಚೂರು ಮೂಳೆ ತೆಗೆದು ಅಲ್ಲಿ ಕೂಡಿಸಿದ್ದ.

ಚೂರು ಸುತ್ತಲಿನ ಮೂಳೆಯೊಂದಿಗೆ ಬೆರೆತರೆ ಗುಂಡು ಉಳಿಯುತ್ತದೆ. ಬೆರೆಯುವ ಮೊದಲೇ ಭಾರ ಬಿದ್ದರೆ ಕುಸಿಯಬಹುದು. ಕುಸಿದರೆ ರಾಚಪ್ಪ ಮತ್ತೆ ಮಗ್ಗದ ಕುಣಿಗೆ ಇಳಿದು ಹಲಗೆ ತುಳಿಯುವ ಮಾತೇ ಇಲ್ಲ.

ತಪಾಸಣೆಗೆಂದು ಊರಿಂದ ಬಂದ ರಾಚಪ್ಪ ಎರಡು ದಿನದಿಂದ ವಾರ್ಡಿನಲ್ಲಿದ್ದ. ಅವತ್ತು ಬೆಳಗ್ಗೆ ಆರನೇ ತಿಂಗಳ ಎಕ್ಸ್‌ರೇ ಬಂತು. ಭರತೇಶ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂಲೆಯಲ್ಲಿ ದಿನಾಂಕ, ರಾಚಪ್ಪನ ಹೆಸರು, ಅದರ ಕೆಳಗೆ ಶಸ್ತ್ರಚಿಕಿತ್ಸೆ ಮಾಡಿದವರು ಎಂದು ಅವನದೇ ಹೆಸರು. ನಡುವೆ ಆ ಚೂರು ಬೆಳ್ಳಗೆ ಹೊಳೆಯುತ್ತಿತ್ತು.

ಸೋಮವಾರ ಕಿರಿಯ ಡಾಕ್ಟರುಗಳ ಪಾಠಕ್ಕೆ ಇದನ್ನೇ ತೋರಿಸಬೇಕು ಎಂದುಕೊಂಡ. ಹಳೆಯ ಫಿಲ್ಮುಗಳನ್ನು ತೆಗೆದು ನೋಡುವ ಗೋಜಿಗೆ ಹೋಗಲಿಲ್ಲ. ನೇರ ವಾರ್ಡಿಗೆ ನಡೆದು, ಎಲುಬು ಗಟ್ಟಿಯಾಗಿದೆ, ಇನ್ನು ಊರುಗೋಲು ಬೇಡ ಎಂದುಬಿಟ್ಟ.

ಆ ಆಸ್ಪತ್ರೆಯಲ್ಲೊಂದು ರೂಢಿ. ಊರುಗೋಲು ಬಿಟ್ಟವನು ಅದನ್ನು ಕೈಯಾರೆ ಇನ್ನೊಬ್ಬ ರೋಗಿಯ ಮಂಚಕ್ಕೆ ಒರಗಿಸಿ, ವಾರ್ಡಿಗೆಲ್ಲ ಸಕ್ಕರೆ ಹಂಚಬೇಕು.

ರಾಚಪ್ಪ ಎರಡನ್ನೂ ಮಾಡಿದ. ನೀಲವ್ವ ಎಂಬ ಮುದುಕಿಯ ಮಂಚಕ್ಕೆ ಕೋಲು ಒರಗಿಸುವಾಗ ಅವನ ಕಣ್ಣು ತುಂಬಿದ್ದವು. ಭರತೇಶನಿಗೂ ಒಂದು ಚಮಚ ಸಕ್ಕರೆ ಬಂತು. ಅವನು ಖುಷಿಯಿಂದಲೇ ಬಾಯಿಗೆ ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಗುರುಗಳು ವಾರ್ಡಿಗೆ ಬಂದರು. ನೀಲವ್ವನ ಮಂಚದ ಬಳಿ ಆ ಕೋಲುಗಳನ್ನು ನೋಡಿದರು. ಊಟ ಆಗುವ ತನಕ ಮಂಚದ ಮೇಲೆಯೇ ಕುಳಿತಿರಲು ರಾಚಪ್ಪನಿಗೆ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಶಿಷ್ಯನನ್ನು ಎಕ್ಸ್‌ರೇ ಕೋಣೆಗೆ ಕರೆದರು.

ದೀಪದ ಪೆಟ್ಟಿಗೆಯ ಮುಂದೆ ಮೂರು ಫಿಲ್ಮುಗಳಿದ್ದವು. ಮೂರೂ ರಾಚಪ್ಪನವೇ. ಒಂದು ಆಪರೇಷನ್ ಆದ ಒಂದೂವರೆ ತಿಂಗಳಿಗೆ ತೆಗೆದದ್ದು, ಒಂದು ಮೂರು ತಿಂಗಳಿಗೆ, ಒಂದು ಇವತ್ತಿನದು. ಮೂರರ ದಿನಾಂಕದ ಮೇಲೂ ಗುರುಗಳು ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದರು.

"ಮೊದಲಿಂದು ಯಾವುದು, ಕಡೀದು ಯಾವುದು, ಸಾಲಾಗಿ ಹಚ್ಚು."

ಇಷ್ಟೇ ತಾನೇ ಎಂದುಕೊಂಡು ಭರತೇಶ ಒಂದನ್ನು ಎತ್ತಿದ. ಇಟ್ಟ. ಇನ್ನೊಂದನ್ನು ಎತ್ತಿದ. ಮೊದಲಿನದನ್ನು ತೆಗೆದು ಬೇರೆ ಕಡೆ ಇಟ್ಟ. ಕೊನೆಗೆ ಎಲ್ಲಕ್ಕಿಂತ ಬೆಳ್ಳಗಿದ್ದದ್ದನ್ನು ಕೊನೆಗೆ ಹಚ್ಚಿ ಹಿಂದೆ ಸರಿದ.

ಗುರುಗಳು ಪಟ್ಟಿಗಳನ್ನು ಒಂದೊಂದಾಗಿ ಕಿತ್ತರು. ಕೊನೆಯಲ್ಲಿದ್ದದ್ದು ಒಂದೂವರೆ ತಿಂಗಳಿನದು. ಇವತ್ತಿನದು ನಡುವೆ ಇತ್ತು. ಮೂರರಲ್ಲೂ ಚೂರಿನ ಅಂಚು ಹಾಗೇ ಎದ್ದು ಕಾಣುತ್ತಿತ್ತು.

"ಇದನ್ನ ಯಾಕ ಕಡೀಕ ಇಟ್ಟಿ?"

"ಭಾಳ ಬೆಳ್ಳಗ ಕಂಡಿತ್ರಿ."

"ಕೂಡಿಸಿದ ಎಲುಬು ಬೆರೀತಂದ್ರ ಏನಾಗ್ತೈತಿ?"

ಪುಸ್ತಕದ ಉತ್ತರ ಅವನಿಗೆ ಬಾಯಿಪಾಠವಿತ್ತು. "ಒಳಗ ರಕ್ತ ಹೋಗ್ತೈತ್ರಿ. ಹಳೇ ಎಲುಬು ಕರಗಿ ಹೊಸಾದು ಬೆಳೀತೈತಿ. ಅಂಚು ಅಳಿಸಿ ಹೋಗ್ತೈತಿ." ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತು.

"ರಕ್ತ ಹೋಗದಿದ್ರ?"

"ಇಟ್ಟಂಗ ಇರ್ತೈತ್ರಿ. ಬೆಳ್ಳಗ."

ಗುರುಗಳು ಪೆಟ್ಟಿಗೆಯ ದೀಪ ಆರಿಸಿದರು.

ಬೆಳಗ್ಗೆ ಭರತೇಶ ನೋಡಿದ್ದು ಮೂಳೆಯನ್ನಲ್ಲ, ಮೂಲೆಯ ದಿನಾಂಕವನ್ನು. ಆರು ತಿಂಗಳಾಯಿತು, ಮಾಡಿದವನು ತಾನು, ಆದ್ದರಿಂದ ಗುಣವಾಗಿರಲೇಬೇಕು. ನೆಲ ಬಾಯಿಬಿಟ್ಟರೆ ಸಾಕಿತ್ತು ಅನ್ನಿಸಿತು. ನಾಲಿಗೆಯ ಮೇಲೆ ಆ ಸಕ್ಕರೆ ಇನ್ನೂ ಇದ್ದಂತಿತ್ತು.

ಎಷ್ಟೋ ಹೊತ್ತು ಅಲ್ಲೇ ಕುಳಿತ. ವಾರ್ಡಿನಲ್ಲಿ ಊಟದ ತಟ್ಟೆಗಳ ಸದ್ದು ಕೇಳಿ ನಿಂತಿತು. ಅವನು ಏಳಲಿಲ್ಲ. ಕೊನೆಗೆ, ಸಿಸ್ಟರ್ ಕೈಯಲ್ಲಿ ಬೇರೆ ಊರುಗೋಲು ಕಳಿಸಿಬಿಡಲೇ, ಗುರುಗಳ ಅಪ್ಪಣೆ ಎಂದರೆ ರಾಚಪ್ಪ ಏನೂ ಕೇಳುವುದಿಲ್ಲ ಎಂದ.

"ಕೋಲು ಬಿಟ್ಟು ನಡೀರಿ ಅಂತ ಹೇಳಾಕ ಯಾರು ಹೋಗಿದ್ರು?" ಎಂದರು ಗುರುಗಳು.

ಅವನು ಎದ್ದ.

ರಾಚಪ್ಪನ ಮಂಚ ಖಾಲಿ ಇತ್ತು. ಉಂಡು ಹೊಳೆಗೆ ಹೋದನೆಂದು ನೀಲವ್ವ ಹೇಳಿದಳು. ಮೆಟ್ಟಿಲಿಳಿದು ನೀರು ಮುಟ್ಟಿ ಬರುತ್ತೇನೆ ಎಂದಿದ್ದನಂತೆ. ಆಮೇಲೆ ಅವಳು ಡಾಕ್ಟರ ಮುಖ ನೋಡಿದಳು. ಅವನು ಕೇಳುವ ಮೊದಲೇ ಆ ಜೋಡಿ ಕೋಲುಗಳನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಭರತೇಶ ಓಡಿದ.

ಹೊಳೆಗೆ ಹದಿನೆಂಟು ಮೆಟ್ಟಿಲು. ರಾಚಪ್ಪ ಒಂಬತ್ತನೆಯದರಲ್ಲಿ ಗೋಡೆ ಹಿಡಿದು ನಿಂತಿದ್ದ.

"ರಾಚಪ್ಪಾ, ಅಲ್ಲೇ ನಿಂದರ್ರಿ. ಕಾಲು ಊರಬ್ಯಾಡ್ರಿ."

ರಾಚಪ್ಪ ತಿರುಗಿದ. ಡಾಕ್ಟರ ಕೈಯಲ್ಲಿ ತನ್ನ ಕೋಲು ಕಂಡು ಅವನ ಮುಖ ಬಾಡಿತು.

"ನಾ ಏನರ ತಪ್ಪು ಮಾಡಿದೆನ್ರಿ ಸಾಹೇಬ್ರ? ಲಗೂ ಲಗೂ ನಡೆದೆನೇನು?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರಾಚಪ್ಪ ಕೈ ಮುಗಿದು ಕ್ಷಮೆಯನ್ನೂ ಕೇಳುತ್ತಿದ್ದ. ಭರತೇಶನ ಬಾಯಲ್ಲಿ ಆ ಮಾತು ಒಂದು ಗಳಿಗೆ ಇತ್ತು. ಅದು ಅಲ್ಲಿತ್ತೆಂಬುದಕ್ಕೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

"ನಿಮ್ಮ ತಪ್ಪಲ್ಲ. ಎಲುಬು ಇನ್ನೂ ಬೆರೆತಿಲ್ಲ. ನಾ ಸರಿಯಾಗಿ ನೋಡದ ಹೇಳಿದೆ."

ರಾಚಪ್ಪ ಹೊಳೆಯ ಕಡೆ ನೋಡಿದ. ಇನ್ನೂ ಒಂಬತ್ತು ಮೆಟ್ಟಿಲು ಉಳಿದಿದ್ದವು.

"ವಾರ್ಡಿಗೆಲ್ಲ ಸಕ್ಕರಿ ಹಂಚೇನ್ರಿ. ಈಗ ಕೋಲು ಹಿಡ್ಕೊಂಡು ಹ್ಯಾಂಗ ಹೋಗ್ಲಿ?"

ಭರತೇಶ ಕೋಲುಗಳನ್ನು ರಾಚಪ್ಪನ ಕೈಗಿತ್ತು, ಎರಡು ಮೆಟ್ಟಿಲು ಕೆಳಗಿಳಿದು, ಬೆನ್ನು ಕೊಟ್ಟು ಕುಳಿತ. ರಾಚಪ್ಪ ಬೇಡವೆಂದರೂ ಅವನು ಏಳಲಿಲ್ಲ.

ರಾಚಪ್ಪನನ್ನು ಹೊತ್ತು ಮೆಟ್ಟಿಲು ಹತ್ತಿದ. ಹಾಗೇ ವಾರ್ಡಿನೊಳಕ್ಕೂ ಹೊತ್ತು ನಡೆದ. ರಾಚಪ್ಪನನ್ನು ಮಂಚದ ಮೇಲೆ ಕೂರಿಸಿ, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನೀಲವ್ವನಿಗೆ ಉಗ್ರಾಣದಿಂದ ಬೇರೆ ಕೋಲು ತಂದುಕೊಟ್ಟ.

ಮರುದಿನ ಪಟ್ಟಣದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಚೂರಿನ ಸುತ್ತ ಎಳೆಯಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಇನ್ನೂ ಉಳಿದಿತ್ತು. ಒಂದೇ ಒಂದು ಕಡೆ, ಕೆಳಗಿನ ಅಂಚಿನಲ್ಲಿ, ಅದು ಮಾಸತೊಡಗಿತ್ತು. ಗುಂಡು ಕುಸಿದಿರಲಿಲ್ಲ. ಇನ್ನೂ ಮೂರು ತಿಂಗಳು ಕಾಲಿಗೆ ಭಾರ ಹಾಕದೆ ಕಾದು ನೋಡೋಣ ಎಂದರು ಗುರುಗಳು.

ಮೂರು ತಿಂಗಳು ತಾನೇ, ಹೆಂಡತಿ ಮಗ್ಗ ನೋಡಿಕೊಳ್ಳುತ್ತಾಳೆ ಎಂದು ರಾಚಪ್ಪನೇ ಸಮಾಧಾನ ಹೇಳಿದ. ಅವನು ಬೈದಿದ್ದರೆ ಭರತೇಶನಿಗೆ ಹಗುರಾಗುತ್ತಿತ್ತು.

ಭಾನುವಾರ ಸಂಜೆ ಅವನು ಗುರುಗಳ ಕೋಣೆಯ ಬಾಗಿಲಲ್ಲಿ ನಿಂತ. ನಾಳೆಯ ಪಾಠಕ್ಕೆ ರಾಚಪ್ಪನ ಫಿಲ್ಮು ಬೇಡ, ಬೇರೆಯವರದು ತರುತ್ತೇನೆ ಎಂದ.

ಗುರುಗಳು ಯಾಕೆಂದು ಕೇಳಿದರು.

"ನಾಚಿಕಿ ಆಗ್ತೈತ್ರಿ ಗುರುಗಳ. ಕಿರಿಯರ ಮುಂದ ಹ್ಯಾಂಗ ನಿಂದ್ರಲಿ?"

ಗುರುಗಳು ಮೇಜಿನ ಖಾನೆಯಿಂದ ಪಟ್ಟಿಯ ಸುರುಳಿ ತೆಗೆದು ಅವನ ಕೈಗಿಟ್ಟರು.

"ಅವೇ ಮೂರು ತಗೊಂಡು ಬಾ. ದಿನಾಂಕದ ಮ್ಯಾಲ ಪಟ್ಟಿ ಹಚ್ಚು. ರಾಚಪ್ಪನ ಹೆಸರಿನ ಮ್ಯಾಲೂ ಹಚ್ಚು. ನಿನ್ನ ಹೆಸರಿನ ಮ್ಯಾಲ ಬ್ಯಾಡ."