ಎದುರುಗಾಳಿಗೆ ಸರದಿ

ಮೈಸೂರಿನಲ್ಲಿ ಸುಮೇಧಾ ಎಂಬ ಹುಡುಗಿ ಇದ್ದಳು. ಯಾರು ಏನು ಕೇಳಿದರೂ ಅವಳು "ಆಗುತ್ತೆ" ಅನ್ನುತ್ತಿದ್ದಳು. ನಿಜವಾಗಿ ಆಗುತ್ತದೋ ಇಲ್ಲವೋ ಎಂದು ಯೋಚಿಸುವ ಮೊದಲೇ ಆ ಮಾತು ಬಾಯಿಂದ ಹೊರಗೆ ಬಿದ್ದಿರುತ್ತಿತ್ತು. ನಿಮ್ಮ ಆಫೀಸಿನಲ್ಲೂ ಇಂಥವರೊಬ್ಬರು ಇರಬಹುದು. ಎಲ್ಲರೂ ಅವರನ್ನು ತುಂಬ ಒಳ್ಳೆಯವರು ಅನ್ನುತ್ತಾರೆ. ಅವರ ಕಣ್ಣ ಕೆಳಗಿನ ಕಪ್ಪನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಸುಮೇಧಾ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಲ್ಯಾಬು ಬೆಳಿಗ್ಗೆ ಬೇಗ ತೆರೆಯಬೇಕು. ಖಾಲಿ ಹೊಟ್ಟೆಯಲ್ಲಿ ಬಂದವರು ಕಾಫಿಯ ನೆನಪಿನಲ್ಲಿ ಸಿಟ್ಟಾಗಿ ಕೂತಿರುತ್ತಾರೆ. ಅವರ ಮುಂದೆ ಆಕಳಿಸುವ ಹಾಗಿಲ್ಲ.

ಆದರೆ ಸುಮೇಧಾಳಿಗೆ ಆಕಳಿಕೆ ಬರುತ್ತಿತ್ತು. ಏಕೆಂದರೆ ಅವಳು ಅದಕ್ಕಿಂತ ಮೊದಲೇ ಎದ್ದು ಸೈಕಲ್ ಹೊಡೆದು ಬಂದಿರುತ್ತಿದ್ದಳು. ಅವಳಿಗೆ ಸೈಕಲ್ ರೇಸ್ ಎಂದರೆ ಪ್ರಾಣ. ಮೂವರು ಹೆಂಗಸರ ಒಂದು ಪುಟ್ಟ ತಂಡ ಇತ್ತು. ಒಬ್ಬಳು ಸುಮೇಧಾ. ಇನ್ನೊಬ್ಬಳು ಅವಳ ಗೆಳತಿ ಫರ್ಹಾನಾ, ಬ್ಯಾಂಕಿನಲ್ಲಿ ಕೆಲಸ. ಮೂರನೆಯವರು ಜೆಸಿಂತಾ ಮಿಸ್. ಇಬ್ಬರಿಗೂ ಶಾಲೆಯಲ್ಲಿ ಪಿ.ಟಿ. ಕಲಿಸಿದವರು. ಕೂದಲು ನರೆತರೂ ಅವರ ಸೀಟಿಯಂಥ ದನಿ ಹಾಗೇ ಇತ್ತು.

ಪ್ರತಿ ಶ್ರಾವಣದಲ್ಲಿ ಊರ ಹೊರಗಿನ ರಸ್ತೆಯಲ್ಲಿ ಹವ್ಯಾಸಿಗಳಿಗಾಗಿ ತಂಡದ ರೇಸ್ ನಡೆಯುತ್ತಿತ್ತು. ಅದರ ನಿಯಮ ಸುಲಭ. ಮೂವರೂ ಒಟ್ಟಿಗೆ ಗೆರೆ ದಾಟಬೇಕು. ಒಬ್ಬರು ಹಿಂದೆ ಉಳಿದರೂ ತಂಡ ಮುಗಿಸಿದ ಹಾಗೆ ಲೆಕ್ಕವಿಲ್ಲ. ಇವರ ತಂಡ ಇಲ್ಲಿಯವರೆಗೆ ಒಮ್ಮೆಯೂ ಮುಗಿಸಿರಲಿಲ್ಲ. ಪ್ರತಿ ಸಲವೂ ಕೊನೆಯ ಏರಿನಲ್ಲಿ ಸುಮೇಧಾಳ ಕಾಲು ಸೋಲುತ್ತಿತ್ತು.

ಈ ವರ್ಷ ಫರ್ಹಾನಾಗೆ ಬೀದರಿಗೆ ವರ್ಗ ಆಯಿತು. ರೇಸ್ ಮುಗಿದ ಮೇಲೆ ಹೊರಡಬೇಕು.

"ಗೆಲ್ಲೋದು ಬೇಡ ಕಣೇ ಸುಮಿ," ಅಂದಳು ಫರ್ಹಾನಾ. "ಒಂದೇ ಒಂದು ಸಲ ಮೂರೂ ಜನ ಒಟ್ಟಿಗೆ ಆ ಗೆರೆ ದಾಟಿಬಿಡೋಣ. ಆಮೇಲೆ ನಾನು ಬೀದರಲ್ಲಾದ್ರೂ ಇರ್ತೀನಿ, ಚಂದ್ರನ ಮೇಲಾದ್ರೂ ಇರ್ತೀನಿ. ಭಾನುವಾರ ರೇಸಿಗೆ ಬರ್ತೀಯಲ್ಲ?"

"ಆಗುತ್ತೆ," ಅಂದಳು ಸುಮೇಧಾ.

ಮರುದಿನ ಲ್ಯಾಬಿನ ಒಡತಿ, ಡಾಕ್ಟರ್ ವಾರಿಜಾಕ್ಷಿ ಕರೆದರು. "ಸುಮೇಧಾ, ಭಾನುವಾರ ಬೆಳಿಗ್ಗೆ ಒಂದು ಅಪಾರ್ಟ್‌ಮೆಂಟಲ್ಲಿ ಶುಗರ್ ಕ್ಯಾಂಪ್ ಇಟ್ಕೊಂಡಿದೀವಿ. ನೀನೇ ನೋಡ್ಕೋಬೇಕಮ್ಮ."

"ಆಗುತ್ತೆ ಮೇಡಂ."

ಸಂಜೆ ಪಲ್ಲವಿಯ ಫೋನು. ಪಲ್ಲವಿ ಅವಳ ಕಾಲೇಜು ಗೆಳತಿ. ಭಾನುವಾರ ಅವಳ ಮನೆಯ ಗೃಹಪ್ರವೇಶ. "ಹಾಲು ಉಕ್ಕಿಸೋವಾಗ ನೀನು ನನ್ನ ಪಕ್ಕದಲ್ಲೇ ನಿಂತಿರಬೇಕು. ಹೇಳಿಬಿಟ್ಟಿದೀನಿ."

"ಆಗುತ್ತೆ ಕಣೇ, ಬರದೆ ಇರ್ತೀನಾ?"

ಹೀಗೆ ಒಂದೇ ಬೆಳಿಗ್ಗೆಯನ್ನು ಅವಳು ಮೂವರಿಗೆ ಕೊಟ್ಟುಬಿಟ್ಟಳು. ಆಮೇಲೆ ಕೂತು ಲೆಕ್ಕ ಹಾಕಿದಳು. ರೇಸ್ ಮುಗಿದ ತಕ್ಷಣ ಜೆರ್ಸಿಯ ಮೇಲೆಯೇ ಲ್ಯಾಬ್ ಕೋಟು. ಬ್ಯಾಗಿನಲ್ಲಿ ರೇಷ್ಮೆ ಸೀರೆ. ಕ್ಯಾಂಪಿನ ನಡುವೆ ಅರ್ಧ ಗಂಟೆ ತಪ್ಪಿಸಿಕೊಂಡು ಸೀರೆ ಸುತ್ತಿಕೊಂಡು ಓಡುವುದು. ಹಾಲು ಸ್ವಲ್ಪ ತಡವಾಗಿ ಉಕ್ಕಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಹಾಲು ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಹಾಗೆ ಅಂದುಕೊಂಡಳು.

ಗುರುವಾರ ಬೆಳಿಗ್ಗೆ ಮೂವರೂ ಅಭ್ಯಾಸಕ್ಕೆ ಹೊರಟರು. ಜೋರು ಎದುರುಗಾಳಿ ಇತ್ತು.

ತಂಡದಲ್ಲಿ ಸೈಕಲ್ ಹೊಡೆಯುವುದಕ್ಕೆ ಒಂದು ಕ್ರಮ ಇದೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಮುಂದಿರುವವಳಿಗೆ ಗಾಳಿಯೆಲ್ಲ ಹೊಡೆಯುತ್ತದೆ. ಹಿಂದಿನವರಿಗೆ ಅವಳ ಬೆನ್ನೇ ಮರೆ. ಸ್ವಲ್ಪ ದೂರ ಆದಮೇಲೆ ಮುಂದಿನವಳು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರುತ್ತಾಳೆ. ಆಗ ಎರಡನೆಯವಳು ಗಾಳಿಗೆ ಎದುರಾಗುತ್ತಾಳೆ. ಹೀಗೆ ಸರದಿ ಸುತ್ತುತ್ತದೆ.

ಕಾಲಿನಲ್ಲಿ ಶಕ್ತಿ ಇಲ್ಲದವಳಿಗೂ ಇದರಲ್ಲಿ ದಾರಿ ಇದೆ. ಸಾಲಿನ ಕೊನೆಯಲ್ಲಿ ಇರುವಾಗಲೇ, ಇಸ್ಪೀಟಾಟದಲ್ಲಿ ಕೂಗುವ ಹಾಗೆ "ಪಾಸ್" ಎಂದು ಕೂಗಿ, ಮುಂದೆ ಸ್ವಲ್ಪ ಜಾಗ ಬಿಡಬೇಕು. ಮುಂದಿನಿಂದ ಸರಿದು ಬಂದವಳು ಆ ಜಾಗಕ್ಕೆ ಸೇರಿಕೊಳ್ಳುತ್ತಾಳೆ. ಸೋತವಳು ಕೊನೆಯಲ್ಲೇ ಉಳಿದು ಉಸಿರು ತೆಗೆದುಕೊಳ್ಳುತ್ತಾಳೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಹಿಂದೆ ಇರುವಾಗಲೇ ಹೇಳಬೇಕು. ಮುಂದೆ ಬಂದು ಗಾಳಿ ಮುಖಕ್ಕೆ ಹೊಡೆದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಜೆಸಿಂತಾ ಮಿಸ್ ಎಷ್ಟೋ ಸಲ ಪಾಸ್ ಅಂದಿದ್ದರು. ಫರ್ಹಾನಾ ಅಂತೂ ನಗುನಗುತ್ತಾ ಅನ್ನುತ್ತಿದ್ದಳು. ಸುಮೇಧಾ ಮಾತ್ರ ಒಮ್ಮೆಯೂ ಅಂದವಳಲ್ಲ.

ಆ ದಿನ ಹೊರಟಾಗಿನಿಂದಲೇ ಅವಳ ತೊಡೆ ಕಲ್ಲಾಗಿತ್ತು. ಹಿಂದಿನ ಸಂಜೆ ಪಲ್ಲವಿಯ ಮನೆಯಲ್ಲಿ ಸಾಮಾನು ಸಾಗಿಸಲು ಹೋಗಿದ್ದಳು. ಅದಕ್ಕೂ ಮೊದಲು ಲ್ಯಾಬಿನಲ್ಲಿ ಸಹೋದ್ಯೋಗಿ ಲೋಹಿತನ ಪಾಳಿಯನ್ನೂ ತಾನೇ ಮಾಡಿದ್ದಳು. ಸಾಲಿನ ಕೊನೆಯಲ್ಲಿದ್ದಾಗ ನಾಲಿಗೆಯ ತುದಿಗೆ ಮಾತು ಬಂತು. ನುಂಗಿಕೊಂಡಳು. ಒಂದು ಸುತ್ತು ತಾನೇ, ಆಗುತ್ತೆ ಅಂದುಕೊಂಡಳು.

ಸರದಿ ಬಂತು. ಅವಳು ಮುಂದಾದಳು. ಗಾಳಿ ಗೋಡೆಯ ಹಾಗೆ ಎದುರು ನಿಂತಿತು. ನಾಲ್ಕು ಸಲ ಪೆಡಲ್ ತುಳಿಯುವಷ್ಟರಲ್ಲಿ ಕಾಲು ಬಿಟ್ಟುಹೋಯಿತು. ಸೈಕಲ್ ಇದ್ದಕ್ಕಿದ್ದ ಹಾಗೆ ನಿಧಾನವಾಯಿತು. ಹಿಂದೆಯೇ ಅಂಟಿಕೊಂಡಂತೆ ಬರುತ್ತಿದ್ದ ಫರ್ಹಾನಾಳ ಮುಂದಿನ ಚಕ್ರ ಇವಳ ಹಿಂದಿನ ಚಕ್ರಕ್ಕೆ ತಾಗಿತು. ಫರ್ಹಾನಾ ರಸ್ತೆಯ ಪಕ್ಕದ ಮಣ್ಣಿಗೆ ಬಿದ್ದಳು.

ಸುಮೇಧಾ ಸೈಕಲ್ ಎಸೆದು ಓಡಿದಳು. "ಎಲ್ಲಿ ಏಟಾಯ್ತೇ?"

"ಎಲ್ಲಿ ಆಗ್ಲಿಲ್ಲ ಅಂತ ಕೇಳು. ಬೇಗ ಹೇಳಿ ಮುಗಿಸ್ತೀನಿ."

ಮೊಣಕಾಲು ತರಚಿತ್ತು. ಅಂಗೈಯ ಚರ್ಮ ಕಿತ್ತಿತ್ತು. ಮೂಳೆಗೆ ಏನೂ ಆಗಿರಲಿಲ್ಲ. ಜೆಸಿಂತಾ ಮಿಸ್ ನೀರು ಸುರಿದು ಗಾಯ ತೊಳೆದರು. ತೊಳೆಯುತ್ತಲೇ ಕೇಳಿದರು.

"ಕಾಲು ಸೋತಿತ್ತಾ ಸುಮೇಧಾ?"

"ಸ್ವಲ್ಪ, ಮಿಸ್."

"ಯಾವಾಗಿಂದ?"

ಸುಮೇಧಾ ನೆಲ ನೋಡಿದಳು. "ಹೊರಟಾಗಿಂದ."

"ಹೊರಟಾಗಿಂದ! ಮತ್ತೆ ಇಷ್ಟು ಹೊತ್ತು ಬಾಯಲ್ಲಿ ಏನಿಟ್ಕೊಂಡಿದ್ದೆ, ಕಡುಬಾ?"

"ನಿಮಗೆಲ್ಲ ತೊಂದ್ರೆ ಆಗ್ಬಾರ್ದು ಅಂತ..."

ಫರ್ಹಾನಾ ತನ್ನ ಮೊಣಕಾಲು ಮುಂದೆ ಚಾಚಿದಳು. "ಆಗ್ಲಿಲ್ಲ ನೋಡು. ಒಂಚೂರೂ ತೊಂದ್ರೆ ಆಗ್ಲಿಲ್ಲ."

ಸುಮೇಧಾಳ ಕಣ್ಣು ತುಂಬಿತು. ಫರ್ಹಾನಾ ತಮಾಷೆ ಬಿಟ್ಟು ಹೇಳಿದಳು. "ಸುಮಿ, ನಿಂಗೆ ಸುಸ್ತಾದ್ರೆ ನಾನು ಮುಂದೆ ಹೋಗ್ತಿದ್ದೆ. ನಂಗೂ ಕಾಲಿದೆ. ನೀನು ಹೇಳ್ಲಿಲ್ಲ, ನಂಗೆ ಗೊತ್ತಾಗ್ಲಿಲ್ಲ. ಇಷ್ಟೇ ಆಗಿದ್ದು. ಆದ್ರೆ ಭಾನುವಾರ ಹೀಗೇ ಆದ್ರೆ ನನ್ನ ಕೊನೇ ರೇಸೂ ಹೋಯ್ತು."

ಆ ದಿನ ಲ್ಯಾಬಿನಲ್ಲಿ ಸುಮೇಧಾ ಕೆಲಸ ಮಾಡುತ್ತಲೇ ಯೋಚಿಸಿದಳು. ಭಾನುವಾರ ಇನ್ನೂ ಬಂದಿಲ್ಲ. ಅಂದರೆ ತಾನಿನ್ನೂ ಸಾಲಿನ ಹಿಂದೆಯೇ ಇದ್ದೇನೆ. ಹೇಳುವುದಾದರೆ ಈಗಲೇ ಹೇಳಬೇಕು.

ಡಾಕ್ಟರ ಕೋಣೆಯ ಬಾಗಿಲಿನವರೆಗೆ ಹೋದಳು. ವಾಪಸ್ ಬಂದಳು. ನೀರು ಕುಡಿದಳು. ಮತ್ತೆ ಹೋದಳು.

"ಮೇಡಂ, ಭಾನುವಾರ ನಂಗೆ ಕ್ಯಾಂಪಿಗೆ ಬರೋಕೆ ಆಗಲ್ಲ. ಆಗುತ್ತೆ ಅಂದಿದ್ದು ತಪ್ಪಾಯ್ತು. ನನ್ನ ಸೈಕಲ್ ರೇಸ್ ಇದೆ."

ಡಾಕ್ಟರ್ ಕನ್ನಡಕ ತೆಗೆದು ನೋಡಿದರು. ಮುಖದಲ್ಲಿ ಸಂತೋಷ ಏನೂ ಇರಲಿಲ್ಲ. "ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳೋಕೆ ಬರ್ತಿರ್ಲಿಲ್ಲ, ಮೇಡಂ."

ಡಾಕ್ಟರ್ ಮತ್ತೆ ಕನ್ನಡಕ ಹಾಕಿಕೊಂಡರು. ಆಮೇಲೆ ಲೋಹಿತನನ್ನು ಕರೆದರು. "ಭಾನುವಾರದ ಕ್ಯಾಂಪ್ ನೀನು ನಡೆಸ್ತೀಯೇನಪ್ಪ?"

ಲೋಹಿತನ ಮುಖ ಅರಳಿತು. "ಖಂಡಿತ ಮೇಡಂ! ಎಷ್ಟು ದಿನದಿಂದ ಕಾಯ್ತಿದ್ದೆ. ಪ್ರತಿ ಸಲ ಇವ್ರೇ ಆಗುತ್ತೆ ಅಂದುಬಿಡ್ತಾರೆ. ನಂಗೆ ಕ್ಯಾಂಪಿಗೆ ಹೋಗೋಕೆ ಛಾನ್ಸೇ ಸಿಗಲ್ಲ."

ಸುಮೇಧಾ ತಲೆ ತಗ್ಗಿಸಿದಳು. ಇಷ್ಟು ದಿನ ತಾನು ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ಇನ್ನೊಬ್ಬರ ಸರದಿಯನ್ನೂ ತಾನೇ ನುಂಗುತ್ತಿದ್ದೇನೆ ಎಂದು ಅವಳಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ತಾನಿಲ್ಲದೆಯೂ ಕ್ಯಾಂಪ್ ನಡೆಯುತ್ತದೆ ಎಂದು ತಿಳಿದಾಗ ಒಳಗೆ ಸಣ್ಣಗೆ ಚುಚ್ಚಿದ ಹಾಗೂ ಆಯಿತು. ಸೂಜಿಯಷ್ಟೇ. ಬೇಗ ಹೋಯಿತು.

ಪಲ್ಲವಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು.

"ಅಂದ್ರೆ ನೀನು ಬರಲ್ಲ," ಅಂದಳು ಪಲ್ಲವಿ.

"ಬೆಳಿಗ್ಗೆ ಆಗಲ್ಲ ಕಣೇ. ಸಂಜೆ ಬರ್ತೀನಿ. ಬಂದ್ರೆ ನೀನು ಓಡಿಸೋ ತನಕ ಇರ್ತೀನಿ. ಗ್ಯಾರಂಟಿ."

"ನಿನ್ನ ಗ್ಯಾರಂಟಿ ನಂಗೊತ್ತು. ನನ್ನ ಎಂಗೇಜ್‌ಮೆಂಟಿಗೂ ಗ್ಯಾರಂಟಿ ಅಂದಿದ್ದೆ. ಶಾಮಿಯಾನ ಬಿಚ್ಚೋವಾಗ ಬಂದೆ. ಇರ್ಲಿ ಬಿಡು."

ಫೋನ್ ಕಟ್ಟಾಯಿತು. ಮತ್ತೆ ಫೋನ್ ಮಾಡಿ "ಆಯ್ತು, ಬರ್ತೀನಿ" ಅಂದುಬಿಡೋಣ ಎಂದು ಸುಮೇಧಾಳ ಬೆರಳು ತುಡಿಯಿತು. ಅವಳು ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ ಜಿಪ್ ಎಳೆದಳು. ಶನಿವಾರ ಬೇಗ ಉಂಡು, ಬೇಗ ಮಲಗಿದಳು. ಅಷ್ಟು ಗಾಢವಾಗಿ ಅವಳು ನಿದ್ದೆ ಮಾಡಿ ತಿಂಗಳುಗಳೇ ಆಗಿದ್ದವು.

ಭಾನುವಾರ ರೇಸ್ ಶುರುವಾಯಿತು. ಫರ್ಹಾನಾಳ ಮೊಣಕಾಲಿಗೆ ದಪ್ಪ ಪಟ್ಟಿ ಇತ್ತು. ಹೋಗುವಾಗ ಗಾಳಿ ಬೆನ್ನಿಗಿತ್ತು, ಹಗುರವಾಗಿ ಹೋದರು. ತಿರುಗಿದ ಮೇಲೆ ಅದೇ ಗಾಳಿ ಎದುರಾಯಿತು. ಸರದಿ ಕೆಲವು ಸುತ್ತು ಬಂದ ಮೇಲೆ ಸುಮೇಧಾಳ ಉಸಿರು ಏರತೊಡಗಿತು. ಅವಳು ಸಾಲಿನ ಕೊನೆಯಲ್ಲಿದ್ದಳು. ಬಾಯಿ ಒಣಗಿತ್ತು. ಆದರೂ ಕೂಗಿದಳು.

"ಪಾಸ್!"

ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ರಸ್ತೆಯ ಪಕ್ಕ ಮೇಯುತ್ತಿದ್ದ ಒಂದು ಎಮ್ಮೆ ತಲೆಯೆತ್ತಿ ನೋಡಿತು.

"ಯಾ ಅಲ್ಲಾ, ಬಾಯಿ ಬಂತು ಇವಳಿಗೆ!" ಎಂದು ಫರ್ಹಾನಾ ಮುಂದಿನಿಂದ ಸರಿದು ಬಂದು ಅವಳ ಮುಂದೆ ಸೇರಿಕೊಂಡಳು. ಜೆಸಿಂತಾ ಮಿಸ್ ಮುಂದೆ ಗಾಳಿಗೆ ಎದೆಯೊಡ್ಡಿದರು. ಸಾಲು ಮುರಿಯಲಿಲ್ಲ. ವೇಗವೂ ಇಳಿಯಲಿಲ್ಲ. ಸುಮೇಧಾ ಇಬ್ಬರ ಬೆನ್ನಿನ ಮರೆಯಲ್ಲಿ ಉಸಿರು ತುಂಬಿಕೊಂಡಳು. ಇಷ್ಟು ವರ್ಷ ತಾನು ಹೆದರಿದ್ದು ಇದಕ್ಕೇನಾ ಅನ್ನಿಸಿ ಅವಳಿಗೆ ನಗು ಬಂತು.

ಕೊನೆಯ ಏರು ಬಂತು. ಪ್ರತಿ ವರ್ಷ ತಂಡ ಮುರಿಯುತ್ತಿದ್ದ ಜಾಗ ಅದೇ. ಈ ಸಲ ಸೋತದ್ದು ಸುಮೇಧಾಳ ಕಾಲಲ್ಲ. ಪಟ್ಟಿಯೊಳಗಿನ ಗಾಯ ಬಿಗಿದು ಫರ್ಹಾನಾಳ ಮೊಣಕಾಲು ಬಗ್ಗುವುದೇ ಕಷ್ಟವಾಯಿತು.

"ಪಾಸ್," ಅಂದಳು ಸಾಲಿನ ಕೊನೆಯಲ್ಲಿದ್ದ ಫರ್ಹಾನಾ. ಈ ಸಲ ನಗು ಇರಲಿಲ್ಲ. "ಸುಮಿ, ನಂಗೆ ಇನ್ನು ಮುಂದೆ ಬರೋಕಾಗಲ್ಲ."

"ಹಿಂದೇನೇ ಇರು. ನಾನಿದ್ದೀನಿ," ಅಂದಳು ಸುಮೇಧಾ.

ಹೇಳಿ ಮುಂದೆ ಹೋದಳು. ಸರಿಯಾಗಿ ನಿದ್ದೆ ಮಾಡಿದ ಕಾಲುಗಳು, ಹಿಂದೆ ನಿಂತು ಉಳಿಸಿಕೊಂಡ ಉಸಿರು. ಜೋರು ಮಾಡಲಿಲ್ಲ. ಹಿಂದಿನವರಿಗೆ ತಪ್ಪಿಹೋಗದಷ್ಟು ವೇಗದಲ್ಲಿ, ಗಾಳಿಗೆ ತಲೆ ತಗ್ಗಿಸಿ ಏರಿದಳು. ಜೆಸಿಂತಾ ಮಿಸ್ ಹಿಂದಿನಿಂದ "ಹಾಗೇ, ಹಾಗೇ ಹೋಗು ಮಗು" ಎನ್ನುತ್ತಿದ್ದರು. ಮೂರು ಸೈಕಲ್ಲುಗಳೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಒಟ್ಟಿಗೆ ಗೆರೆ ದಾಟಿದವು.

ಬಹುಮಾನ ಬೇರೆ ಯಾರಿಗೋ ಬಂತು. ಫರ್ಹಾನಾ ರಸ್ತೆಯ ಬದಿಯ ಹುಲ್ಲಿನ ಮೇಲೆ ಮಲಗಿ ಆಕಾಶ ನೋಡುತ್ತಾ ಅಳುತ್ತಾ ನಗುತ್ತಿದ್ದಳು. "ಏಳೇ ಹುಡುಗಿ, ಇರುವೆ ಇದೆ ಅಲ್ಲಿ," ಎಂದು ಮಿಸ್ ಗದರಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

ಸಂಜೆ ಸುಮೇಧಾ ಪಲ್ಲವಿಯ ಹೊಸ ಮನೆಯ ಬಾಗಿಲಲ್ಲಿ ನಿಂತಳು. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಳು. ಪಲ್ಲವಿ ಅವಳನ್ನೂ ಗಡಿಯಾರವನ್ನೂ ನೋಡಿದಳು. ಮುಖ ಇನ್ನೂ ಬಿಗಿಯಾಗಿಯೇ ಇತ್ತು.

"ಹಾಲು ಉಕ್ಕಿ ಆಯ್ತು."

"ಗೊತ್ತು. ಯಾವ ಕಡೆ ಉಕ್ಕಿತು?"

ಪಲ್ಲವಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲಾಗಲಿಲ್ಲ. "ಎಲ್ಲ ಕಡೆ. ಹೊಸ ಸ್ಟೌ ಹಾಳಾಯ್ತು. ಬಾ ಒಳಗೆ. ಬೆಳಿಗ್ಗೆಯಿಂದ ನಿಂತೇ ಇದ್ದೀನಿ, ಯಾರ ಹತ್ರನೂ ಎರಡು ಮಾತಾಡೋಕಾಗಿಲ್ಲ. ನೀನು ಬಂದಿದ್ರೂ ನಿನ್ನ ಮುಖ ನೋಡೋಕೆ ನಂಗೆಲ್ಲಿ ಟೈಮಿರ್ತಿತ್ತು?"

ನೆಂಟರೆಲ್ಲ ಹೋಗಿದ್ದರು. ಇಬ್ಬರೂ ಬಣ್ಣದ ವಾಸನೆಯ ಅಡುಗೆಮನೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತರು. ಉಳಿದ ಒಬ್ಬಟ್ಟನ್ನು ತಟ್ಟೆಯಿಲ್ಲದೆ ಕೈಯಲ್ಲೇ ಹಿಡಿದು ತಿಂದರು. ಪಲ್ಲವಿ ತನ್ನ ಅತ್ತೆಯ ವಿಷಯ ಶುರು ಮಾಡಿದಳು. ಅದು ಉದ್ದದ ಕಥೆ. ಸುಮೇಧಾ ಗೋಡೆಗೆ ಒರಗಿ ಪೂರ್ತಿ ಕೇಳಿದಳು. ಅವಳಿಗೆ ಬೇರೆಲ್ಲಿಗೂ ಹೋಗಬೇಕಿರಲಿಲ್ಲ.

ನೀತಿ: ಎಲ್ಲರಿಗೂ "ಆಗುತ್ತೆ" ಅನ್ನುವವರು ಯಾರಿಗೂ ಪೂರ್ತಿ ಸಿಗುವುದಿಲ್ಲ. ಕೆಲಸವಿರಲಿ, ಸ್ನೇಹವಿರಲಿ, ನಮ್ಮ ಆಸೆಯ ಆಟವಿರಲಿ, ಆಗದ್ದನ್ನು ಆಗದು ಎಂದು ಸಮಯವಿರುವಾಗಲೇ ಹೇಳಬೇಕು. ಆಗ ಬೇರೆಯವರು ಮುಂದೆ ಬರಲು ಜಾಗವಾಗುತ್ತದೆ. ಅವರಿಗೆ ನಾವು ಬೇಕಾದಾಗ ನಮ್ಮಲ್ಲೂ ಶಕ್ತಿ ಉಳಿದಿರುತ್ತದೆ.