ಹುಣಸೆಬೀಜದ ಸಾಲು

"ಒಂದೇ ತೆಪ್ಪ ಸಾಕು ಅಂದೆನಲ್ಲ ಅಜ್ಜಯ್ಯ, ಇನ್ನೆಷ್ಟು ಸಲ ಕೇಳ್ತೀರಿ? ಎಂಟು ದಿನದಿಂದ ಕವಡೆ ಹಾಕಿ ಹಾಕಿ ಬೆರಳೇ ಸವೆದೋಯ್ತು."

ಪುಟ್ಟಮಾದಯ್ಯನಿಗೆ ನಲವತ್ತಾರು ವರ್ಷ. ಹೊಳೆದಂಡೆ ಆಶ್ರಮಕ್ಕೆ ಶಿಷ್ಯನಾಗಿ ಬಂದು ಹನ್ನೆರಡಾಯ್ತು. ಮೂಳೆ ಮುರಿದೋರು ಆಚೆ ದಡದಿಂದ ತೆಪ್ಪದಲ್ಲಿ ಬರ್ತಿದ್ರು, ಆಶ್ರಮದ ಗುರು ಅಜ್ಜಯ್ಯ ಕಟ್ಟು ಹಾಕ್ತಿದ್ರು. ಎರಡನೇ ತೆಪ್ಪ ಬೇಕಾ ಬೇಡ್ವಾ, ನೀನೇ ಹೇಳು ಅಂತ ಅಜ್ಜಯ್ಯ ಅವನಿಗೇ ಬಿಟ್ಟಿದ್ರು. ಅವನ ಮಾತಿಗೇ ಬಿಟ್ಟ ಮೊದಲನೇ ಕೆಲಸ ಇದು.

ಅವನು ನೆಲದ ಮೇಲೆ ಹೊಳೆ ಬರೆದಿದ್ದ. ತೆಂಗಿನ ಚಿಪ್ಪು ತೆಪ್ಪ. ಹುಣಸೆಬೀಜ ಜನ. ಒಂದು ಸಲ ಕವಡೆ ಹಾಕಿದ್ರೆ ಒಂದು ಆಟ; ಎಷ್ಟು ಕವಡೆ ಅಂಗಾತ ಬಿದ್ವೋ ಅಷ್ಟು ಬೀಜ ಸಾಲಿಗೆ.

"ಎಲ್ಲಾ ಬೋರಲು ಬಿದ್ರೆ?" ಅಜ್ಜಯ್ಯ ಕೇಳಿದ್ರು.

"ತೆಪ್ಪ ಸೋರ್ತು ಅಂತ. ಡಾಂಬರು ಬಳಿಯೋವರೆಗೆ ಐದು ಆಟ ಚಿಪ್ಪು ಅಲ್ಲಾಡೋ ಹಾಗಿಲ್ಲ."

"ಕಾಯ್ತಾ ನಿಂತೋರು?"

"ಮೂರು ಆಟ ನೋಡ್ತಾರೆ. ಆಮೇಲೆ ಬೈಕೊಂಡು ಮನೆಗೆ. ಆ ಬೀಜ ಡಬ್ಬಿಗೆ."

"ಚೆನ್ನಾಗಿದೆ."

ಅಜ್ಜಯ್ಯ ಹಿಂದೆ ಒಂದೇ ಸಲ ಚೆನ್ನಾಗಿದೆ ಅಂದಿದ್ರು, ಅದೂ ಸೊಪ್ಪಿನ ಸಾರಿಗೆ. ಪುಟ್ಟಮಾದಯ್ಯನ ಎದೆ ಉಬ್ಬಿತು.

"ಇನ್ನೂ ಕೇಳಿ. ತೆಪ್ಪ ಎಷ್ಟೇ ಕೆಡ್ಲಿ, ಈಚೆ ದಡ ಸೇರಿದೋರಲ್ಲಿ ಮೂರು ಆಟಕ್ಕಿಂತ ಜಾಸ್ತಿ ಕಾದೋರು ಒಬ್ಬರೂ ಇಲ್ಲ! ಸಾವಿರ ಆಟ ಆಡಿದೀನಿ."

ಅಜ್ಜಯ್ಯ ಎದ್ದು ಊಟದ ಸಾಲಿಗೆ ಹೋಗಿ ಕೊನೇಲಿ ನಿಂತ್ರು.

ಅವತ್ತು ಬಡಿಸೋದು ಪುಟ್ಟಮಾದಯ್ಯನೇ. ಅರ್ಧಕ್ಕೇ ಹಿಡಿ ಕಿತ್ತು ಸೌಟು ಸಾರೊಳಗೆ ಬಿತ್ತು. ಅದನ್ನ ತೆಗೆಯೋಕೆ ಹೋಗಿ ಕೈ ಸುಟ್ಕೊಂಡ. ಇನ್ನೊಂದು ಸೌಟು ಹುಡುಕಿ ತಂದು, ನಿಂತಿದ್ದೋರಿಗೆಲ್ಲ ಬಡಿಸಿ, ಪಾತ್ರೆ ತೊಳೆದಿಟ್ಟ.

"ಎಲ್ಲರದೂ ಊಟ ಆಯ್ತಾ?" ಬೇವಿನ ಮರದ ಕೆಳಗಿಂದ ಅಜ್ಜಯ್ಯ ಕೇಳಿದ್ರು.

"ಆಯ್ತು ಅಜ್ಜಯ್ಯ. ಸಾಲಲ್ಲಿ ಒಬ್ಬರೂ ಉಳಿದಿಲ್ಲ."

"ನನಗೆ ಹಸಿವು. ನೀನು ಸೌಟು ಹುಡುಕೋ ಹೊತ್ತಿಗೆ ಸಾಲು ಬಿಟ್ಟು ಬಂದೆ."

ಪುಟ್ಟಮಾದಯ್ಯ ಒಳಗೆ ಹೋಗಿ, ಮನೆಗೆ ವಾಪಸಾದೋರ ಬೀಜ ಹಾಕಿದ್ದ ಡಬ್ಬಿ ಸುರಿದ. ದಾಟಿದ ಬೀಜಕ್ಕಿಂತ ಅದರ ರಾಶೀನೇ ದೊಡ್ಡದಿತ್ತು.

ಅವನು ಅಜ್ಜಯ್ಯನಿಗೆ ಅನ್ನ ಬಡಿಸಿ, ತಾನು ಉಣ್ಣದೆ ಹೊಳೆ ದಾಟಿದ. ತೆಪ್ಪಕ್ಕೆ ಕಾದು ವಾಪಸ್ ಹೋದೋರು ಯಾರ್ಯಾರು ಅಂತ ಮನೆಮನೆ ಕೇಳ್ತಾ ಹೋದ. ಎರಡು ಕಡೆ ಬೈಸ್ಕೊಂಡ, ಒಂದು ಕಡೆ ನಾಯಿ ಅಟ್ಟಿಸ್ಕೊಂಡು ಬಂತು.

ಸೌತೆಕಾಯಿ ಮಾರೋ ನಿಂಗಾಜಮ್ಮ ಕೈ ತೋರಿಸಿದ್ಲು. "ನಿಮ್ಮ ತೆಪ್ಪ ಬರೋ ಹೊತ್ತಿಗೆ ನನ್ನ ಮೂಳೆಗೇ ಬೇಜಾರಾಗಿ ತಾನೇ ಕೂಡ್ಕೊಂಡ್ತು, ಸಾಮಿ. ಸೊಟ್ಟಗೆ."

ಅವನಿಗೆ ನಗೋಕಾಗಲಿಲ್ಲ. ಅವಳನ್ನ ಕರ್ಕೊಂಡು ಸಂಜೆ ಆಶ್ರಮಕ್ಕೆ ಬಂದ.

"ಎರಡು ತೆಪ್ಪ ಬೇಕು ಅಜ್ಜಯ್ಯ. ಒಂದು ಸೋರಿದ್ರೆ ಇನ್ನೊಂದು. ನಾನು ಹೇಳಿದ್ದು ತಪ್ಪು. ಇನ್ಮೇಲೆ ಇಂಥ ಕೆಲಸ ಬೇರೆ ಯಾರಿಗಾದ್ರೂ ಒಪ್ಪಿಸಿ."

ಅಜ್ಜಯ್ಯ ನಿಂಗಾಜಮ್ಮನ ಕೈ ಒತ್ತಿ ಒತ್ತಿ ನೋಡ್ತಿದ್ರು. ತಲೆ ಎತ್ತಲಿಲ್ಲ.

"ನನ್ನ ಗುರುಗಳು ಇದ್ದಿದ್ರೆ, ಇವತ್ತು ನಿನ್ನನ್ನ ಕರ್ಕೊಂಡು ಹೋಗಿ, ಇವನು ನನ್ನ ಶಿಷ್ಯ ಅಂತ ತೋರಿಸ್ತಿದ್ದೆ."