ಬಡಿಸುವವನ ಒತ್ತಾಯ

“ಬುದ್ಧಿ, ನನಗೆ ಇಷ್ಟವಾದದ್ದನ್ನು ಗೆಳೆಯನಿಗೆ ‘ನೋಡು’ ಅಂದರೆ ತಪ್ಪೇ?”

ಕೇಳಿದವನು ಚನ್ನವೀರ. ಊರಿನ ಕಾಲೇಜಿನಲ್ಲಿ ಮೇಷ್ಟ್ರು. ಸೋಮವಾರ ಸಂಜೆ ಮಠಕ್ಕೆ ಬಂದು ಗುರುಗಳ ಎದುರು ಸ್ವಲ್ಪ ಹೊತ್ತು ಕೂತು ಹೋಗುವುದು ಅವನ ರೂಢಿ. ಅಂದು ನಮಸ್ಕಾರಕ್ಕೂ ಮುಂಚೆ ಪ್ರಶ್ನೆಯನ್ನೇ ಇಟ್ಟಿದ್ದ.

“ಏನನ್ನು ನೋಡು ಅಂದೆ?” ಎಂದರು ಗುರುಗಳು.

“ಒಂದು ವೆಬ್ ಸೀರೀಸ್. ನಾನು ನಿದ್ದೆಗೆಟ್ಟು ನೋಡಿದೆ, ಅಷ್ಟು ಚೆನ್ನಾಗಿದೆ. ರುದ್ರಮುನಿಗೂ ಹೇಳಿದೆ. ನನ್ನ ಬಾಲ್ಯದ ಗೆಳೆಯ, ನಿಮಗೆ ಗೊತ್ತಲ್ಲ. ನೋಡುತ್ತೇನೆ ಅಂದ, ನೋಡಲಿಲ್ಲ. ಲಿಂಕ್ ಕಳಿಸಿದೆ. ವಾಟ್ಸಾಪಿನಲ್ಲಿ ದಿನಾ ನೆನಪು ಮಾಡಿದೆ. ಮೊನ್ನೆ ಫೋನ್ ಮಾಡಿದರೆ ಎತ್ತಲೇ ಇಲ್ಲ. ನಾನೇನು ಅವನ ಆಸ್ತಿ ಕೇಳಿದೆನೇ? ಒಳ್ಳೆಯದನ್ನು ಹಂಚಿಕೊಳ್ಳೋಣ ಅಂದೆ. ಇನ್ನು ಅವನ ಸಹವಾಸವೇ ಬೇಡ ಅನ್ನಿಸಿಬಿಟ್ಟಿದೆ.”

ಗುರುಗಳು ನಕ್ಕುಬಿಟ್ಟರು. “ಅಲ್ಲವೋ ಮಾರಾಯ, ಮಠಕ್ಕೆ ಬಂದವರು ಮೋಕ್ಷ ಕೇಳುತ್ತಾರೆ, ಮಗಳಿಗೆ ಗಂಡು ಕೇಳುತ್ತಾರೆ. ನೀನು ಸೀರೀಸ್ ಹಿಡಿದುಕೊಂಡು ಬಂದೆಯಲ್ಲ!”

ಚನ್ನವೀರನ ಮುಖ ಸಪ್ಪಗಾಯಿತು. ಅದನ್ನು ಕಂಡು ಗುರುಗಳು ದನಿ ತಗ್ಗಿಸಿದರು. “ಬೇಜಾರು ಮಾಡಿಕೊಳ್ಳಬೇಡ. ಗೆಳೆಯ ಕೈತಪ್ಪಿ ಹೋಗುತ್ತಾನೆ ಅಂದರೆ ಅದೇನು ಸಣ್ಣ ಮಾತಲ್ಲ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನನಗೆ ಸಿಟ್ಟು ಬರುತ್ತದೆ.”

ಚನ್ನವೀರ ಕೂತ. ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಡಿಸುವವನಿದ್ದ. ಮದುವೆ ಛತ್ರಗಳಲ್ಲಿ ಪಂಕ್ತಿಗೆ ಬಡಿಸುವುದೇ ಅವನ ಕಸುಬು. ಅಡುಗೆ ಮಾಡುವವರು ಆ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಬಡಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಮದುವೆಗೆ ದಿನ ಗೊತ್ತಾದ ಕೂಡಲೇ ಹೆಣ್ಣಿನ ಕಡೆಯವರು ಅವನಿಗೆ ಹೇಳಿ ಕಳಿಸುತ್ತಿದ್ದರು.

ಬಡಿಸುವುದು ಅಂದರೆ ಏನೆಂದುಕೊಂಡೆ? ಸೌಟು ಬಗ್ಗಿಸುವುದಲ್ಲ, ಒತ್ತಾಯ ಮಾಡುವುದು. ನಮ್ಮ ಜನ ಸಂಕೋಚದವರು. ಹೊಟ್ಟೆಯಲ್ಲಿ ಜಾಗವಿದ್ದರೂ ಬಾಯಲ್ಲಿ ‘ಸಾಕು’ ಅನ್ನುತ್ತಾರೆ. ಆ ಮಾತು ನಂಬಿ ಮುಂದೆ ಹೋದರೆ, ಮನೆಗೆ ಹೋಗಿ ‘ಒಂದೇ ಹೋಳಿಗೆ ಹಾಕಿ ಕೈ ತೊಳೆಸಿಬಿಟ್ಟರು’ ಅನ್ನುತ್ತಾರೆ. ಅವನು ಇದನ್ನು ಚೆನ್ನಾಗಿ ಬಲ್ಲವನು. ಯಾರಾದರೂ ಸಾಕು ಅಂದರೆ ನಕ್ಕು ಇನ್ನೊಂದು ಹಾಕುತ್ತಿದ್ದ. ಎಲೆಗೆ ಕೈ ಅಡ್ಡ ಹಿಡಿದರೆ ‘ಮದುಮಗಳ ಮೇಲೆ ಆಣೆ’ ಎಂದು ಬೆರಳ ಸಂದಿಯಲ್ಲೇ ಇಳಿಸುತ್ತಿದ್ದ. ಜನ ಬೈಯುತ್ತಲೇ ತಿನ್ನುತ್ತಿದ್ದರು.

ಒಂದಕ್ಕೆ ಮಾತ್ರ ಅವನು ಬಗ್ಗುತ್ತಿದ್ದ. ಉಣ್ಣುವವನು ಎಂಜಲು ಕೈ, ಒಣ ಕೈ ಎಂದು ನೋಡದೆ ಎರಡನ್ನೂ ಚಾಚಿ, ಎದೆಯನ್ನೇ ಎಲೆಯ ಮೇಲೆ ಬಗ್ಗಿಸಿದರೆ, ಅದು ನಿಜವಾದ ಸಾಕು. ಆಗ ಅವನು ತುಟಿಪಿಟಕ್ಕೆನ್ನದೆ ಮುಂದಿನ ಎಲೆಗೆ ಹೋಗುತ್ತಿದ್ದ. ಅದು ಆ ಕಸುಬಿನ ಮರ್ಯಾದೆ.

ಅವನಿಗೊಬ್ಬ ಗೆಳೆಯನಿದ್ದ. ಹೂವಿನ ವ್ಯಾಪಾರಿ. ಬಸ್ ನಿಲ್ದಾಣದ ಎದುರು ಅವನದೊಂದು ಪುಟ್ಟ ಅಂಗಡಿ. ಬಡಿಸುವವನು ಕೆಲಸ ಮುಗಿಸಿ ಸಂಜೆ ಅಲ್ಲಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಹೂವಿನವನು ಹೂ ಕಟ್ಟುತ್ತಿದ್ದ. ಇವನು ಕತೆ ಹೇಳುತ್ತಿದ್ದ.

ಯಾವ ಕತೆ? ಮೊಬೈಲಿನಲ್ಲಿ ನೋಡಿದ ಕತೆ. ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ಮುನ್ನ, ಛತ್ರದಿಂದ ಛತ್ರಕ್ಕೆ ಬಸ್ಸಿನಲ್ಲಿ ಹೋಗುವಾಗ, ಅವನು ಸೀರೀಸ್ ನೋಡುತ್ತಿದ್ದ. ಹುಚ್ಚು ಅಂದರೆ ಹುಚ್ಚು. ಕಳ್ಳರದು, ಪೊಲೀಸರದು, ಅತ್ತೆ ಸೊಸೆಯರದು, ದೆವ್ವದ್ದು, ಯಾವುದನ್ನೂ ಬಿಟ್ಟವನಲ್ಲ. ಹಿಡಿಸಿದರೆ ಬಾಯಿತುಂಬ ಹೊಗಳುತ್ತಿದ್ದ. ಹಿಡಿಸದಿದ್ದರೆ ‘ಉಪ್ಪಿಲ್ಲ, ಹುಳಿಯಿಲ್ಲ, ಬರೀ ನೀರು’ ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದ. ಪೊಲೀಸಿನವನು ಹೇಗೆ ನಡೆದ ಎಂದು ಎದ್ದು ನಡೆದು ತೋರಿಸುತ್ತಿದ್ದ. ಅತ್ತೆ ಹೇಗೆ ಬಾಗಿಲು ಹಾಕಿಕೊಂಡಳು ಎಂದು ಅಂಗಡಿಯ ಬಾಗಿಲನ್ನೇ ಎಳೆದು ತೋರಿಸುತ್ತಿದ್ದ. ಹೂವಿನವನು ದಾರದಿಂದ ಕಣ್ಣು ತೆಗೆಯದೆ ‘ಹೂಂ, ಆಮೇಲೆ?’ ಅನ್ನುತ್ತಿದ್ದ. ಇಬ್ಬರೂ ಸುಖವಾಗಿದ್ದರು.

ಸುಖವಾಗಿದ್ದವರು ಸುಮ್ಮನೆ ಇರಬೇಕಲ್ಲ! ಒಂದು ದಿನ ಹೂವಿನವನ ಮಗಳು ಅಪ್ಪನಿಗೆ ದೊಡ್ಡ ಪರದೆಯ ಫೋನ್ ತಂದುಕೊಟ್ಟಳು. ಬಡಿಸುವವನಿಗೆ ಖುಷಿಯೋ ಖುಷಿ. ಪಾಪ, ನನ್ನ ಗೆಳೆಯ ಇಷ್ಟು ದಿನ ಬರೀ ಕೇಳಿದ್ದಾನೆ, ಇನ್ನು ಕಣ್ಣಾರೆ ನೋಡಲಿ ಎಂದುಕೊಂಡ. ತಾನೇ ಕೂತು ಆ್ಯಪ್ ಹಾಕಿದ. ತನ್ನ ಪಾಸ್‌ವರ್ಡನ್ನೇ ಕೊಟ್ಟ. ಒಂದು ಸೀರೀಸ್ ತೆರೆದು ಕೈಗಿಟ್ಟ.

‘ಮದುವೆ ಬ್ಯಾಂಡಿನವರ ಕತೆ. ಇದನ್ನು ನೀನು ನೋಡಲೇಬೇಕು. ನಾನು ಒಂದಕ್ಷರವೂ ಹೇಳುವುದಿಲ್ಲ. ಹೇಳಿದರೆ ಸ್ವಾರಸ್ಯ ಕೆಡುತ್ತದೆ’ ಎಂದ.

‘ಬೇಡ ಬಿಡೋ, ನನಗೆಲ್ಲಿ ಪುರುಸೊತ್ತು’ ಎಂದ ಹೂವಿನವನು.

ಬಡಿಸುವವನು ನಕ್ಕ. ಮೊದಲ ಸಾಕನ್ನು ಅವನು ಯಾವತ್ತು ನಂಬಿದ್ದ?

ಮರುದಿನ ಸ್ಟೂಲಿನ ಮೇಲೆ ಕೂರುವ ಮೊದಲೇ ‘ನೋಡಿದೆಯಾ?’ ಎಂದ. ಇಲ್ಲ ಎಂದಾಗ, ‘ಶುರುವಿನಲ್ಲಿ ಸ್ವಲ್ಪ ಎಳೆಯುತ್ತದೆ ಕಣೋ, ಆಮೇಲೆ ಕೂತಲ್ಲಿಂದ ಏಳುವುದಿಲ್ಲ ನೀನು’ ಎಂದ. ಅದರ ಮರುದಿನವೂ ಅದೇ ಮಾತು. ಬೇರೆ ಕತೆ ಹೇಳು ಅಂದರೆ ‘ಮೊದಲು ಅದನ್ನು ಮುಗಿಸು’ ಎನ್ನುತ್ತಿದ್ದ. ಹೀಗೆ ಆ ಅಂಗಡಿಯಲ್ಲಿ ಕತೆ ನಿಂತಿತು, ವಿಚಾರಣೆ ಶುರುವಾಯಿತು. ಸಂಜೆಯಾಯಿತೆಂದರೆ ಹೂವಿನವನಿಗೆ ಪಾಠ ಓದದ ಹುಡುಗನ ಹಾಗೆ ಎದೆ ಡವಡವ ಅನ್ನತೊಡಗಿತು. ಒಂದು ಕಾಲದಲ್ಲಿ ಆ ಸಂಜೆಗಾಗಿಯೇ ಅವನು ದಿನವಿಡೀ ಕಾಯುತ್ತಿದ್ದ, ನೆನಪಿಟ್ಟುಕೋ.

ಕೊನೆಗೊಂದು ದಿನ ಅವನು ತಡೆಯಲಾರದೆ ‘ನೋಡಿದೆ’ ಎಂದುಬಿಟ್ಟ.

‘ಪೂರ್ತಿ ನೋಡಿದೆಯಾ? ಕೊನೆ ಹೇಗಿತ್ತು ಹೇಳು!’

ಹೂವಿನವನು ದಾರದ ಮೇಲೆ ಇನ್ನಷ್ಟು ಬಗ್ಗಿದ. ‘ಏನು ಹೇಳಲಿ ಮಾರಾಯ, ಕರುಳು ಕಿತ್ತು ಬಂತು. ಅವತ್ತು ಊಟವೇ ಸೇರಲಿಲ್ಲ.’

ಅದು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುವ ಕತೆ. ಕೊನೆಯಲ್ಲಿ ಆ ಬ್ಯಾಂಡಿನವರು ಬೇರೆ ಯಾರದೋ ಮದುವೆಗೆ ಹೋಗಿ, ಊದಿ ಬಾರಿಸಿ, ಗಡದ್ದಾಗಿ ಉಂಡು ಬರುತ್ತಾರೆ. ಬಡಿಸುವವನ ಮುಖ ಕೆಂಪಾಯಿತು. ‘ನನ್ನನ್ನು ಏನೆಂದುಕೊಂಡಿದ್ದೀಯೋ ನೀನು? ಬೇಡ ಅಂದಿದ್ದರೆ ಆಗುತ್ತಿರಲಿಲ್ಲವಾ?’ ಎಂದು ಎದ್ದು ಹೋದ. ಬೇಡ ಅಂದಿದ್ದನ್ನು ಅವನು ಮರೆತೇಬಿಟ್ಟಿದ್ದ ನೋಡು.

ಸಿಟ್ಟು ಎಷ್ಟು ದಿನ ಇರುತ್ತದೆ? ಕಾಲು ತಾನಾಗಿ ಅಂಗಡಿಯ ಕಡೆ ತಿರುಗಿತು. ಬಂದು ನೋಡಿದರೆ ಬಾಗಿಲು ಹಾಕಿತ್ತು. ಮರುದಿನ ಬಂದಾಗಲೂ ಹಾಕಿತ್ತು. ಪಕ್ಕದ ಹಣ್ಣಿನ ಅಂಗಡಿಯವನು, ‘ಈಗ ಬೇಗ ಮುಚ್ಚಿ ಹೋಗುತ್ತಾನೆ, ನೀವು ಬರುವ ಹೊತ್ತಿಗೆ ಸರಿಯಾಗಿ’ ಎಂದ.

ಬಡಿಸುವವನಿಗೆ ದುಃಖವಾಯಿತು. ಬಸ್ಸಿನಲ್ಲಿ ಕೂತು ಹೊಸದೊಂದು ಸೀರೀಸ್ ಹಾಕಿದ. ಚೆನ್ನಾಗಿಯೇ ಇತ್ತು. ಕಳ್ಳ ತಪ್ಪಿಸಿಕೊಳ್ಳುವ ಜಾಗಕ್ಕೆ ಬಂದಾಗ ಇದನ್ನು ಅವನಿಗೆ ಹೇಳಬೇಕು ಅನ್ನಿಸಿತು. ಯಾರಿಗೆ ಹೇಳುವುದು? ಅರ್ಧಕ್ಕೇ ನಿಲ್ಲಿಸಿ ಫೋನನ್ನು ಜೇಬಿಗೆ ಹಾಕಿದ. ಹೇಳುವುದಕ್ಕೆ ಜನವಿಲ್ಲದಿದ್ದರೆ ನೋಡಿದ್ದೂ ರುಚಿಸುವುದಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಮನೆಯಲ್ಲಿ ಹೆಂಡತಿ, ‘ಯಾರು ಸತ್ತರು ಅಂತ ಹೀಗೆ ಮುಖ ಇಳಿಬಿಟ್ಟುಕೊಂಡಿದ್ದೀರಿ?’ ಎಂದಳು.

ಅಷ್ಟರಲ್ಲಿ ಊರಿನಲ್ಲಿ ಒಂದು ದೊಡ್ಡ ಮದುವೆ ಬಂತು. ಮಂಟಪಕ್ಕೆ ಹೂವಿನ ಕೆಲಸ ಮಾಡಿದವನು ಆ ಹೂವಿನ ವ್ಯಾಪಾರಿಯೇ. ಮದುವೆ ಮನೆಯವರು ಉಂಡೇ ಹೋಗಬೇಕು ಎಂದು ಹಟ ಹಿಡಿದು ಅವನನ್ನು ಪಂಕ್ತಿಗೆ ಕೂರಿಸಿದರು. ಬಡಿಸುವವನು ಹೋಳಿಗೆಯ ತಟ್ಟೆ ಹಿಡಿದು ಸಾಲಿನಲ್ಲಿ ಬಂದ. ಒಬ್ಬೊಬ್ಬರಿಗೂ ನಗಿಸಿ, ಗದರಿಸಿ, ಆಣೆ ಹಾಕಿ ಬಡಿಸುತ್ತ ಬಂದ. ಬಂದವನು ಗೆಳೆಯನ ಎಲೆಯ ಮುಂದೆ ನಿಂತ.

ಹೂವಿನವನು ತಲೆ ಎತ್ತಿದ. ಯಾರೆಂದು ಕಂಡ. ಕಂಡವನೇ ಎರಡು ಕೈಯನ್ನೂ ಚಾಚಿ, ಎದೆಯನ್ನು ಎಲೆಯ ಮೇಲೆ ಬಗ್ಗಿಸಿಬಿಟ್ಟ.

ಬಡಿಸುವವನ ಕೈ ನಿಂತಿತು. ಅವನಿನ್ನೂ ಒಂದು ಮಾತೂ ಆಡಿರಲಿಲ್ಲ. ಎಲೆಯಲ್ಲಿ ಹೋಳಿಗೆಯೇ ಇರಲಿಲ್ಲ. ಮೊದಲ ಹೋಳಿಗೆಗೇ ಎದೆ ಬಗ್ಗಿಸುವವನನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಇದು ಹೋಳಿಗೆಯ ಸಾಕಲ್ಲ ಎಂದು ಅವನಿಗೆ ತಿಳಿಯಿತು. ಪುರುಸೊತ್ತಿಲ್ಲ ಅಂದಾಗ ತಾನು ನಕ್ಕಿದ್ದೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ನೋಡಿದಾಗ ಬೈದಿದ್ದೆ. ಅಂಗಡಿಗೆ ಬಾಗಿಲು ಹಾಕಿಕೊಂಡು ಹೋದಾಗಲೂ ಅರ್ಥವಾಗಿರಲಿಲ್ಲ. ಗುರುತಿಲ್ಲದ ನೆಂಟನಿಗೆ ಕೊಡುವ ಮರ್ಯಾದೆಯನ್ನು ಗೆಳೆಯನಿಗೆ ಕೊಡಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ತುಟಿಪಿಟಕ್ಕೆನ್ನದೆ ಮುಂದಿನ ಎಲೆಗೆ ಹೋದ.

ಅಂದು ಸಂಜೆ ಅವನು ಹೂವಿನ ಅಂಗಡಿಗೆ ಬಂದಾಗ ಹೂವಿನವನು ಬಾಗಿಲು ಎಳೆಯುತ್ತಿದ್ದ. ‘ನೋಡಿದೆಯಾ ಅಂತ ಕೇಳುವುದಿಲ್ಲ. ಕೂರಲಾ?’ ಎಂದ ಬಡಿಸುವವನು. ಹೂವಿನವನು ಸ್ಟೂಲನ್ನು ಮುಂದಕ್ಕೆ ತಳ್ಳಿದ. ತಾನೂ ಕೂತು ದಾರ ಬಿಚ್ಚಿದ.

‘ಅಲ್ಲ ಕಣೋ, ನಿನಗೆ ಏನು ಇಷ್ಟ? ಇಷ್ಟು ವರ್ಷದಲ್ಲಿ ನಾನು ಅದನ್ನೇ ಕೇಳಲಿಲ್ಲ’ ಎಂದ ಬಡಿಸುವವನು.

ಹೂವಿನವನ ಕೈ ನಿಂತಿತು. ‘ನನಗೆ ನೀನು ಹೇಳುವುದು ಇಷ್ಟ’ ಎಂದ. ‘ಕೋಳಿ ಕೂಗುವ ಮುಂಚೆ ಎದ್ದು ಹೂವಿನ ಮಂಡಿಗೆ ಹೋಗುವವನು ನಾನು. ಪರದೆ ನೋಡಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಇಲ್ಲಿ ಕೂತರೆ ಕಣ್ಣು ಹೂವಿನ ಮೇಲಿರಬೇಕು. ನನಗೆ ಬಿಡುವಾಗಿರುವುದು ಕಿವಿ ಒಂದೇ. ನಿನ್ನ ಆ ಪೊಲೀಸಿನವನನ್ನು ಫೋನಿನಲ್ಲಿ ಹಾಕಿ ನೋಡಿದೆನಪ್ಪಾ. ಅವನಿಗೆ ನಿನ್ನ ಹಾಗೆ ನಡೆಯುವುದಕ್ಕೇ ಬರುವುದಿಲ್ಲವಲ್ಲೋ! ನೀನು ಕತೆ ನಿಲ್ಲಿಸಿದ ಮೇಲೆ ನನ್ನ ಸಂಜೆಯೆಲ್ಲ ಬಿಕೋ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಗೆ ಹೇಳುವುದು? ಪಾಸ್‌ವರ್ಡ್ ಬೇರೆ ಕೊಟ್ಟಿದ್ದೀಯ, ಪಾಪ.’

ಬಡಿಸುವವನು ಮೊದಲು ಬೆಪ್ಪಾದ. ಆಮೇಲೆ ನಗು ಬಂತು. ಹೂವಿನವನಿಗೂ ಬಂತು. ಹಣ್ಣಿನ ಅಂಗಡಿಯವನು ಇಣುಕಿ ನೋಡುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಬಡಿಸುವವನು ಎದ್ದು ನಿಂತು ಪಂಚೆ ಎತ್ತಿ ಕಟ್ಟಿದ.

‘ಹಾಗಾದರೆ ಕೇಳು. ಒಂದೂರಿನಲ್ಲಿ ಒಂದು ಬ್ಯಾಂಡ್‌ಸೆಟ್ಟು. ಅದರಲ್ಲಿ ಕ್ಲಾರಿನೆಟ್ ಊದುವವನಿಗೆ ಕಿವಿ ಕೇಳಿಸುವುದಿಲ್ಲ...’

‘ಹೂಂ, ಆಮೇಲೆ?’ ಎಂದ ಹೂವಿನವನು. ಆ ಸಂಜೆ ಅಂಗಡಿಗೆ ಹೂವಿಗೆಂದು ಬಂದವರು ಕತೆ ಮುಗಿಯುವ ತನಕ ನಿಲ್ಲಬೇಕಾಯಿತು. ಯಾರೂ ಗೊಣಗಲಿಲ್ಲ.

ಗುರುಗಳು ಕತೆ ಮುಗಿಸಿ ಚೊಂಬಿನ ನೀರು ಕುಡಿದರು.

ಚನ್ನವೀರನ ಮುಖ ಅರಳಿತ್ತು. ಹೊತ್ತು ತಂದ ಭಾರವೆಲ್ಲ ಇಳಿದವನ ಹಾಗೆ ಎದ್ದು ನಿಂತ. “ತಿಳಿಯಿತು ಬುದ್ಧಿ. ತಪ್ಪು ನನ್ನದೇ. ಈಗಲೇ ರುದ್ರಮುನಿಯ ಮನೆಗೆ ಹೋಗುತ್ತೇನೆ. ಇನ್ನು ನೋಡು ಅನ್ನುವುದೇ ಇಲ್ಲ. ಅವನನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಕತೆಯನ್ನೆಲ್ಲ ನಾನೇ ಹೇಳಿಬಿಡುತ್ತೇನೆ.”

“ಅದು ಹೂವಿನವನಿಗೆ ಇಷ್ಟವಾದದ್ದು ಕಣಪ್ಪಾ, ನಿನ್ನ ರುದ್ರಮುನಿಗೆ ಏನು ಇಷ್ಟ?” ಎಂದರು ಗುರುಗಳು.

ಚನ್ನವೀರ ಉತ್ತರ ಹೇಳಲು ಬಾಯಿ ತೆರೆದ. ಏನೂ ಹೊಳೆಯಲಿಲ್ಲ. “ಮೊದಲು ಅದನ್ನೇ ಹೋಗಿ ಕೇಳುತ್ತೇನೆ ಬುದ್ಧಿ” ಎಂದು ಹೊರಟ.